ಟವರ್ ಹತ್ತಿರ ಇದ್ರೆ ಪಿಸುಮಾತು, ದೂರ ಇದ್ರೆ ಕೂಗು

ಮೊನ್ನೆ ಚಿಂಚೋಳಿ ಕಡೆಯ ವೀಕ್ಷಕರೊಬ್ಬರು ಫೋನ್ ಮಾಡಿದ್ದರು. "ಸರ್ರ, ಸೇಡಂದಾಗ ಇದ್ರ ಚಾರ್ಜ್ ರಾತ್ರಿತನ ಬರ್ತದ. ಕುಂಚಾವರಂ ಕಡಿ ಹೋದ್ರ ಮಧ್ಯಾಹ್ನಕ್ಕೇ ಖಾಲಿ. ಫೋನ್ ಕಾದ ಹಂಚಿನಂಗ ಆಗ್ತದ. ಇದು ರೇಡಿಯೇಶನ್ನೇನ್ರಿ?" ಅಂತ ಕೇಳಿದರು. ಅದೇ ವಾರ ಶಹಾಬಾದ್‌ನಿಂದ ಇನ್ನೊಂದು ಮೆಸೇಜ್ ಬಂತು: "ನಮ್ಮ ಓಣಿಯಾಗ ಟವರ್ ಹಾಕ್ತಾರಂತ. ಬೇಡ ಅಂತ ಸಹಿ ಮಾಡಿಸ್ಲಿಕತ್ತೀವಿ. ನಿಮ್ಮ ಚಾನೆಲ್‌ದಾಗ ತೋರಿಸ್ರಿ."

ಒಬ್ಬರಿಗೆ ಟವರ್ ದೂರ ಇದೆ ಅನ್ನೋ ತೊಂದರೆ, ಇನ್ನೊಬ್ಬರಿಗೆ ಹತ್ತಿರ ಬರುತ್ತೆ ಅನ್ನೋ ಭಯ. ಎಂಜಿನಿಯರಿಂಗ್ ಓದಿ ನ್ಯೂಸ್‌ಗೆ ಬಂದವನು ನಾನು. ಇಬ್ಬರಿಗೂ ಉತ್ತರ ಒಂದೇ. ಆ ಉತ್ತರ ಸಿಗಬೇಕಾದರೆ ಮೊದಲು ಫೋನ್ ಎಷ್ಟು ಶಕ್ತಿ ಹೊರಗೆ ಬಿಡುತ್ತೆ, ಅದನ್ನ ಅಳೆಯೋದು ಹೇಗೆ ಅನ್ನೋದು ಗೊತ್ತಿರಬೇಕು.

ಶಹಾಬಾದ್‌ನ ಕಲ್ಲಿನ ಗಣಿ ನೆನಪು ಮಾಡಿಕೊಳ್ಳಿ. ಪಕ್ಕದಲ್ಲಿ ನಿಂತವನ ಜೊತೆ ಮೆಲ್ಲಗೆ ಮಾತಾಡಿದರೆ ಸಾಕು. ಗಣಿಯ ಆ ದಂಡೆಯಲ್ಲಿ ಇರೋನನ್ನ ಕರೆಯಬೇಕಾದರೆ ಗಂಟಲು ಹರಿಯೋ ಹಾಗೆ ಕೂಗಬೇಕು. ಫೋನ್ ಮಾಡೋದೂ ಇದನ್ನೇ. ಮಾತು ನಡೆಯುತ್ತಿರುವಾಗ ಟವರ್ ಅದಕ್ಕೆ ಸತತವಾಗಿ "ಸ್ವಲ್ಪ ಜೋರು, ಈಗ ಮೆಲ್ಲಗೆ" ಅಂತ ಆಜ್ಞೆ ಕೊಡ್ತಾ ಇರುತ್ತೆ. 3ಜಿಯಲ್ಲಿ ಈ ಆಜ್ಞೆ ಸೆಕೆಂಡಿಗೆ 1,500 ಸಲ ಬರುತ್ತೆ!

ಈ ಕೂಗು ಎಷ್ಟು ದೊಡ್ಡದು? ಸಾಮಾನ್ಯ 4ಜಿ ಫೋನಿನ ಗರಿಷ್ಠ ಶಕ್ತಿ 23 ಡಿಬಿಎಂ. ಈ ಪದಕ್ಕೆ ಹೆದರಬೇಡಿ. ಸೊನ್ನೆ ಡಿಬಿಎಂ ಅಂದರೆ 1 ಮಿಲಿವ್ಯಾಟ್. ಹತ್ತು ಏರಿದರೆ ಹತ್ತು ಪಟ್ಟು, ಮೂರು ಏರಿದರೆ ಎರಡು ಪಟ್ಟು. ಹಾಗಾಗಿ 20 ಅಂದರೆ 100 ಮಿಲಿವ್ಯಾಟ್, 23 ಅಂದರೆ 200 ಮಿಲಿವ್ಯಾಟ್. ನಿಮ್ಮ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ತಿನ್ನೋ ಕರೆಂಟಿನ 45ನೇ ಒಂದು ಭಾಗ. ಅದೇ ಫೋನ್ ಮೈನಸ್ 40 ಡಿಬಿಎಂವರೆಗೂ ದನಿ ತಗ್ಗಿಸಬಲ್ಲದು. ಪಿಸುಮಾತಿಗೂ ಕೂಗಿಗೂ ನಡುವೆ 20 ಲಕ್ಷ ಪಟ್ಟು ಅಂತರ. ಹಳೆಯ 2ಜಿ ಫೋನುಗಳು 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೂ ಹೋಗುತ್ತಿದ್ದವು. ಆದರೆ ಎಂಟು ಪಾಳಿಯಲ್ಲಿ ಒಂದು ಪಾಳಿ ಮಾತ್ರ ಅವುಗಳದ್ದು, ಆದ್ದರಿಂದ ಸರಾಸರಿ ಕಾಲು ವ್ಯಾಟ್ ಆಗುತ್ತಿತ್ತು.

ಇದನ್ನ ಲ್ಯಾಬಿನಲ್ಲಿ ಅಳೆಯೋದು ಹೀಗೆ. ರೇಡಿಯೋ ಕಮ್ಯುನಿಕೇಶನ್ ಟೆಸ್ಟರ್ ಅನ್ನೋ ಒಂದು ಯಂತ್ರ ಇದೆ. ಇದರ ಕೆಲಸ ನಾಟಕ ಆಡೋದು. ಫೋನಿಗೆ "ನಾನೇ ಟವರ್" ಅಂತ ನಂಬಿಸುತ್ತೆ. ಹೊರಗಿನ ಸಿಗ್ನಲ್ ಒಳಗೆ ಬರದ ಲೋಹದ ಪೆಟ್ಟಿಗೆಯಲ್ಲಿ ಫೋನ್ ಇಟ್ಟು, ಟೆಸ್ಟ್ ಸಿಮ್ ಹಾಕಿ, ಕೇಬಲ್ ಜೋಡಿಸುತ್ತಾರೆ. ಆಮೇಲೆ ಯಂತ್ರ "ಜೋರು, ಇನ್ನೂ ಜೋರು" ಅನ್ನುತ್ತಾ ಹೋಗುತ್ತೆ, ಫೋನ್ ಇನ್ನು ಆಗೋದಿಲ್ಲ ಅನ್ನೋವರೆಗೆ. ಇಲ್ಲೊಂದು ಎಚ್ಚರಿಕೆ ಬೇಕು. ಕೇಬಲ್ಲೂ ಸ್ವಲ್ಪ ಶಕ್ತಿ ನುಂಗುತ್ತೆ. ದಾರಿಯಲ್ಲಿ 10 ಡಿಬಿ ಹೋದರೆ ಪರದೆ ಮೇಲೆ 13 ಕಾಣುತ್ತೆ, ಅಸಲಿ 23. ಆ ಹತ್ತನ್ನ ಕೂಡಿಸೋದು ಮರೆತರೆ ಫೋನ್ ಹತ್ತು ಪಟ್ಟು ಬಡವಾಗಿ ಕಾಣುತ್ತೆ.

ಈಗ ಹೇಳಿ, ಯೂಟ್ಯೂಬಲ್ಲಿ ಯಾರೋ ಒಬ್ಬರು ಸಣ್ಣ ಮೀಟರ್ ಹಿಡಿದು "ನೋಡಿ, ಕೆಂಪು ದೀಪ ಹತ್ತಿತು" ಅನ್ನೋದಕ್ಕೆ ಎಷ್ಟು ಬೆಲೆ ಕೊಡಬೇಕು? ಕ್ಷಣಕ್ಷಣಕ್ಕೂ ದನಿ ಬದಲಿಸೋ ಫೋನಿನ ಮುಂದೆ ಆ ದೀಪ ಒಂದು ಸಲ ಹತ್ತೋದು ಏನನ್ನೂ ಸಾಬೀತು ಮಾಡಲ್ಲ.

ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ. ಎಸ್‌ಎಆರ್ ಅನ್ನೋ ಅಂಕಿ ಬರುತ್ತೆ. ನಮ್ಮ ದೇಶದ ಮಿತಿ ಕೆಜಿಗೆ 1.6 ವ್ಯಾಟ್, 1 ಗ್ರಾಂ ಅಂಗಾಂಶದ ಸರಾಸರಿ. ತಲೆಯ ಆಕಾರದ ಅಚ್ಚಿನಲ್ಲಿ ದ್ರವ ತುಂಬಿ, ಫೋನನ್ನ ಪೂರ್ತಿ ಕೂಗಿಸಿ ಅಳೆದ ಅಂಕಿ ಅದು. ಅಂದರೆ ಕೆಟ್ಟ ಪರಿಸ್ಥಿತಿಯ ಲೆಕ್ಕ. ನಿಮ್ಮ ಕಿವಿಯ ಹತ್ತಿರ ದಿನನಿತ್ಯ ಏನಾಗುತ್ತೆ ಅನ್ನೋದನ್ನ ನಿರ್ಧರಿಸೋದು ಬಹುಮಟ್ಟಿಗೆ ನೀವು ಮತ್ತು ಟವರ್ ನಡುವಿನ ದಾರಿ.

ಈಗ ಆ ಇಬ್ಬರು ವೀಕ್ಷಕರ ಹತ್ತಿರ ವಾಪಸ್ ಬರೋಣ.

ಕುಂಚಾವರಂ ಕಾಡಿನ ಕಡೆ ಫೋನ್ ಬಿಸಿ ಆಗೋದು ಯಾಕೆ? ದೂರದ ಟವರಿಗೆ ಅದು ಪೂರ್ತಿ ದನಿಯಲ್ಲಿ ಕೂಗುತ್ತಿದೆ, ಸಿಗ್ನಲ್ ಸಿಗದಾಗ ಹುಡುಕುತ್ತಿದೆ. ನಿಮ್ಮ ಕೈಗೆ ತಟ್ಟೋ ಬಿಸಿ ಆ ದುಡಿಮೆಯದ್ದು. ದಪ್ಪ ಕಲ್ಲಿನ ಗೋಡೆಯ ಮನೆಯೊಳಗೆ ಕೂತು ಮಾತಾಡಿದರೂ ಇದೇ ಕಥೆ. ಅಂಗಳಕ್ಕೆ ಬನ್ನಿ, ಫೋನ್ ದನಿ ತಗ್ಗಿಸುತ್ತೆ. ಸಿಗ್ನಲ್ ಇಲ್ಲದ ಕಡೆ ಉದ್ದ ಮಾತು ಬೇಡ, ಮಾತಾಡಲೇಬೇಕು ಅಂದರೆ ಇಯರ್‌ಫೋನ್ ಅಥವಾ ಸ್ಪೀಕರ್ ಇರಲಿ. ದೂರ ಹೆಚ್ಚಾದಷ್ಟೂ ತಲೆಗೆ ತಲುಪೋದು ಕಡಿಮೆ.

ಇನ್ನು ಶಹಾಬಾದ್‌ನ ಓಣಿಯವರಿಗೆ. ನಿಮ್ಮ ಆತಂಕವನ್ನ ನಾನು ತಳ್ಳಿ ಹಾಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇನಲ್ಲಿ ಈ ತರಂಗಗಳನ್ನ 2ಬಿ ಗುಂಪಿಗೆ ಸೇರಿಸಿತು. ಅಂದರೆ ಕ್ಯಾನ್ಸರ್‌ಗೆ ಕಾರಣ ಆಗಲೂಬಹುದು, ಆದರೆ ಇರೋ ಸಾಕ್ಷ್ಯ ಸೀಮಿತ. 2012ರ ಸೆಪ್ಟೆಂಬರ್ 1ರಿಂದ ಭಾರತ ಟವರ್‌ಗಳ ಮಿತಿಯನ್ನ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. 2017ರ ಮೇನಲ್ಲಿ ಶುರುವಾದ ತರಂಗ್ ಸಂಚಾರ್ ಪೋರ್ಟಲ್ ಟವರ್ ನಿಯಮದೊಳಗೆ ಇದೆಯಾ ಅಂತ ನೋಡೋಕೆ, ಅಳತೆ ಮಾಡಿಸೋಕೆ ಜನರಿಗೇ ದಾರಿ ಮಾಡಿಕೊಟ್ಟಿತು. ಆ ಹಕ್ಕು ಬಳಸಿ. ಟವರ್ ಹಾಕೋರ ಹತ್ತಿರ ಅಳತೆಯ ವರದಿ ಕೇಳಿ, ಅನುಮತಿ ಪತ್ರ ಕೇಳಿ. ಆದರೆ ಒಂದು ಮಾತು ನೆನಪಿರಲಿ. ಟವರ್ ನಿಮ್ಮಿಂದ ಹತ್ತಾರು ಮೀಟರ್ ದೂರ ಇರುತ್ತೆ, ಫೋನ್ ಕಿವಿಗೆ ಅಂಟಿಕೊಂಡಿರುತ್ತೆ. ಟವರನ್ನ ಊರಾಚೆ ಓಡಿಸಿದರೆ ಓಣಿಯ ಪ್ರತಿ ಫೋನೂ ಹೆಚ್ಚು ಕೂಗಬೇಕಾಗುತ್ತೆ.

ಒಂದು ಕೆಲಸ ಮಾಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದು ಸಿಗ್ನಲ್ ಸ್ಟ್ರೆಂತ್ ನೋಡಿ. ಅದು ಟವರಿಂದ ನಿಮಗೆ ಬರೋ ದನಿ. ವಾಡಿ ಜಂಕ್ಷನ್‌ನಲ್ಲಿ ಒಂದು ಸಲ, ಚಿತ್ತಾಪುರದ ತೊಗರಿ ಹೊಲದಲ್ಲಿ ಒಂದು ಸಲ, ನಿಮ್ಮ ಮನೆಯೊಳಗೆ ಒಂದು ಸಲ ಬರೆದಿಡಿ. ಮೈನಸ್ 80 ಇದ್ದದ್ದು ಮೈನಸ್ 110 ಆದರೆ ದನಿ ಸಾವಿರ ಪಟ್ಟು ಕುಗ್ಗಿದೆ ಅಂತ ಅರ್ಥ.

2022ರ ಜುಲೈನಲ್ಲಿ ಕೇಂದ್ರ ಸಂಪುಟ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡೋಕೆ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ನಿಮ್ಮ ಹಳ್ಳಿ, ನಿಮ್ಮ ತಾಂಡಾ ಆ ಪಟ್ಟಿಯಲ್ಲಿ ಇದೆಯಾ? ಬರೆದಿಟ್ಟ ಅಂಕಿ ಹಿಡಿದುಕೊಂಡು ಹೋಗಿ ಕೇಳಿ. "ನೆಟ್‌ವರ್ಕ್ ಬರಲ್ಲ ಸಾಹೇಬ್ರೇ" ಅಂದರೆ ಅಧಿಕಾರಿ "ನೋಡೋಣ" ಅಂತಾರೆ. "ಮೈನಸ್ 115" ಅಂದರೆ ತಲೆ ಎತ್ತಿ ನೋಡಲೇಬೇಕಾಗುತ್ತೆ.