ನೀರಿಗೆ ಬಿಟ್ಟ ಜಾಗ

ಸಿರಸಿ ದಾಟಿ ಹೆಗ್ಗರಣೆಯ ಕಡೆಗೆ ಹೊರಳಿದ ಮೇಲೆ ರಸ್ತೆ ಒಂದು ಕಾರಿನಷ್ಟೇ ಅಗಲ. ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಬಂದರೂ ಇಬ್ಬರಲ್ಲೊಬ್ಬರು ಹಸಿ ಹುಲ್ಲಿಗೆ ಇಳಿಯಬೇಕು. ಆಗಸ್ಟ್ ತಿಂಗಳು, ಎರಡೂ ಬದಿಯ ಧರೆಯಿಂದ ಕೆಂಪು ನೀರು ಜಿನುಗಿ ಚರಂಡಿ ತುಂಬಿಕೊಂಡು ಓಡುತ್ತಿದೆ. ತಗ್ಗಿನ ತೋಟಗಳಲ್ಲಿ ಅಡಿಕೆ ಕೊನೆಗಳಿಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಗಳು ಗಾಳಿಗೆ ಪಟಪಟ ಅನ್ನುತ್ತವೆ. ಯಾರದೋ ಮನೆಯ ಹಿತ್ತಲ ಮಾಡಿನಿಂದ ಹೊಗೆ ಏಳುತ್ತಿದೆ, ಹುಳಿ ವಾಸನೆಯ ಹೊಗೆ. ಉಪ್ಪಾಗೆ ಒಣಗಿಸುತ್ತಿದ್ದಾರೆ. ಮಳೆಗಾಲದಲ್ಲೇ ಹಣ್ಣಾಗುವ ಈ ಕಾಡುಹಣ್ಣಿನ ಸಿಪ್ಪೆಗೆ ಬಿಸಿಲಿನ ಯೋಗವಿಲ್ಲ, ಬೆಂಕಿಯ ಕಾವಿನಲ್ಲೇ ಒಣಗಬೇಕು. ಪಕ್ಕದ ಸೀಟಿನಲ್ಲಿರುವ ಡ್ರಾಯಿಂಗ್ ಮೇಷ್ಟ್ರು ಗಾಜು ಇಳಿಸಿ, ಮಳೆಹನಿ ಮುಖಕ್ಕೆ ರಾಚಿದರೂ ಲೆಕ್ಕಿಸದೆ ಆ ವಾಸನೆ ಎಳೆದುಕೊಳ್ಳುತ್ತಾರೆ. ಉಪ್ಪಾಗೆಯ ಕುಲದ ಕೆಲವು ಮರಗಳ ಅಂಟಿನಿಂದಲೇ ಗ್ಯಾಂಬೋಜ್ ಎಂಬ ಹಳದಿ ಬಣ್ಣ ತೆಗೆಯುತ್ತಿದ್ದರು. ಪಾಚಿಯ ಹಸಿರಿಗೆ ಅದಕ್ಕಿಂತ ಒಳ್ಳೆಯ ಹಳದಿ ಇಲ್ಲ ಎನ್ನುವುದು ಮೇಷ್ಟ್ರ ಖಚಿತ ಅಭಿಪ್ರಾಯ.

ಬಯಲುಸೀಮೆಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಯಿಸಿ ನಿವೃತ್ತರಾದವರು. ಈಗ ಮಳೆಗಾಲ ಬಂತೆಂದರೆ ಘಟ್ಟದ ರಸ್ತೆಗಳಲ್ಲಿ ಜಲಪಾತ ಹುಡುಕುವುದೇ ಕಸುಬು. ಹುಡುಕುವುದು ಅಂದರೆ ಫಲಕ ನೋಡಿ ಹೋಗುವುದಲ್ಲ. ಸೇತುವೆಯ ಕೆಳಗೆ ಹಳ್ಳದ ಸದ್ದು ಬದಲಾದರೆ ಕಾರು ನಿಲ್ಲಿಸಬೇಕು, ಇಳಿದು ನೋಡಬೇಕು. ಹೆಸರಿಲ್ಲದ ಹತ್ತಾರು ಧುಮುಕುಗಳು ಹೀಗೆ ಅವರ ಚಿತ್ರದ ಪುಸ್ತಕದಲ್ಲಿವೆ. ಇವತ್ತು ಮಾತ್ರ ಹೆಸರಿರುವ ಜಾಗಕ್ಕೇ ಹೊರಟಿದ್ದೇವೆ, ಉಂಚಳ್ಳಿಗೆ.

ಕಾರು ನಿಲ್ಲಿಸಿ ಕಾಡಿನ ದಾರಿ ಹಿಡಿಯುವ ಮೊದಲು ಕಾಲಿಗೆ ತಂಬಾಕು, ಸುಣ್ಣ ಸವರಿಕೊಳ್ಳುವ ಶಾಸ್ತ್ರ ನಡೆಯುತ್ತದೆ. ಉಂಬಳಗಳಿಗೆ ಇದರಿಂದ ಅಂಥ ಬೇಸರವೇನೂ ಆದಂತಿಲ್ಲ. ನೀರು ಕಾಣುವ ಮೊದಲೇ ಅದರ ಮೊರೆತ ಎದೆಗೆ ತಾಗುತ್ತದೆ. ಹತ್ತಿರ ನಿಂತವರ ಮಾತು ಕೇಳದಷ್ಟು ಸದ್ದು, ಊರವರು ಇದನ್ನು ಕೆಪ್ಪಜೋಗ ಅಂತಲೂ ಕರೆಯುತ್ತಾರೆ. ಕೊನೆಯ ತಿರುವಿನಲ್ಲಿ ಕಾಡು ಸರಿದು ಕಣಿವೆ ತೆರೆದುಕೊಂಡಾಗ, ಎದುರಿಗೆ ಅಘನಾಶಿನಿ ತನ್ನ ಇಡೀ ಮೈಯನ್ನು 116 ಮೀಟರ್ ಕೆಳಕ್ಕೆ ಚೆಲ್ಲುತ್ತಿರುತ್ತಾಳೆ. ಸಿರಸಿಯ ಸುತ್ತಮುತ್ತ ಹುಟ್ಟಿ ತದಡಿಯ ಹತ್ತಿರ ಕಡಲು ಸೇರುವ ತನಕ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟಿನ ತಡೆಯಿಲ್ಲ. ನಿನ್ನೆ ರಾತ್ರಿ ಮೇಲೆ ಸುರಿದ ಮಳೆ ಇವತ್ತು ಇಲ್ಲಿ ಬೀಳುತ್ತದೆ, ಅಷ್ಟೇ ಲೆಕ್ಕ.

ಕೊಡೆ ಹಿಡಿಯುವ ಕೆಲಸ ನನ್ನದು. ಮೇಷ್ಟ್ರು ಪುಸ್ತಕ ತೆರೆಯುವುದಿಲ್ಲ. ಸುಮ್ಮನೆ ನೋಡುತ್ತಾರೆ. ನೋಡುವುದಕ್ಕೂ ಅವರದೊಂದು ಕ್ರಮವಿದೆ: ಅಂಚಿನಲ್ಲಿ ನೀರಿನ ಒಂದು ಗೊಂಚಲನ್ನು ಕಣ್ಣಲ್ಲಿ ಹಿಡಿದು, ಅದರ ಜೊತೆಗೇ ಕೆಳಗಿನ ತನಕ ಇಳಿಯಬೇಕು. ಮತ್ತೆ ಮೇಲೆ ಹೋಗಿ ಇನ್ನೊಂದು ಗೊಂಚಲು ಹಿಡಿಯಬೇಕು. ಹೀಗೆ ಇಳಿಯುತ್ತ ಹೋದರೆ, ನೀರು ಎಲ್ಲೆಲ್ಲಿ ಬಂಡೆಗೆ ಬಡಿದು ಒಡೆಯುತ್ತದೆ, ಎಲ್ಲಿ ಸರಿದು ಪಕ್ಕಕ್ಕೆ ಹೋಗುತ್ತದೆ, ಎಲ್ಲಿ ಹೊಗೆಯಾಗುತ್ತದೆ ಅನ್ನುವುದು ತಿಳಿಯುತ್ತದೆ. ಬೀಳುವ ನೀರು ಕ್ಷಣಕ್ಕೊಂದು ಆಕಾರ, ಆದರೆ ಒಡೆಯುವ ಜಾಗ ಮಾತ್ರ ಅದೇ. ಆ ಜಾಗಗಳನ್ನಷ್ಟೇ ಅವರು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ. ನೀರಿಗಾಗಿ ಒಂದು ಗೆರೆಯನ್ನೂ ಎಳೆಯುವುದಿಲ್ಲ.

ಅವರು ಹೇಳಿದಂತೆ ನಾನೂ ನೋಡುತ್ತ ನಿಂತು, ಆಮೇಲೆ ಪಕ್ಕದ ಬಂಡೆಗೆ ಕಣ್ಣು ಹೊರಳಿಸಿದರೆ ಬಂಡೆಯೇ ಮೆಲ್ಲಗೆ ಮೇಲಕ್ಕೆ ಏರತೊಡಗುತ್ತದೆ! ತಲೆ ತಿರುಗಿದ್ದಲ್ಲ. ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ನಿಂತ ರಾಬರ್ಟ್ ಆಡಮ್ಸ್ ಎಂಬಾತ 1834ರಲ್ಲಿ ಇದನ್ನೇ ಕಂಡು ಬರೆದಿಟ್ಟ. ಒಂದೇ ಕಡೆಗಿನ ಚಲನೆ ನೋಡಿ ನೋಡಿ ದಣಿದ ಕಣ್ಣು-ಮಿದುಳು ಸ್ಥಿರವಾದದ್ದನ್ನು ಎದುರು ದಿಕ್ಕಿಗೆ ಓಡಿಸುತ್ತವೆ. ಮೇಷ್ಟ್ರಿಗೆ ಹೇಳಿದರೆ ನಗುತ್ತಾರೆ. "ಬಂಡಿ ಏರಾಕ ಹತ್ತಿತು ಅಂದ್ರ ಸಾಕು, ಇನ್ನ ಬಣ್ಣದ ಕೆಲಸ."

ಬಣ್ಣದ ಕೆಲಸ ನಡೆಯುವುದು ಕಾರಿನಲ್ಲಿ. ಡಿಕ್ಕಿಯ ಬಾಗಿಲು ಮೇಲೆತ್ತಿದರೆ ಅದೇ ಸೂರು. ಅದರಡಿ ಹಲಗೆ, ಅದರ ಮೇಲೆ ಹತ್ತಿಯ ನಾರಿನಿಂದ ಮಾಡಿದ 300 ಜಿಎಸ್ಎಂನ ದಪ್ಪ ಕಾಗದ. ತೆಳು ಕಾಗದ ಈ ಹವೆಯಲ್ಲಿ ಹಪ್ಪಳದಂತೆ ಏಳುತ್ತದೆ. ಮೊದಲು ಬುಡದ ಮಂಜಿನ ಜಾಗವನ್ನು ಬರಿ ನೀರಿನಲ್ಲಿ ತೋಯಿಸಿ, ಅದರ ಅಂಚಿಗೆ ಬೂದು ಬಣ್ಣ ಮುಟ್ಟಿಸಿ ಬಿಡುತ್ತಾರೆ; ಅದು ತಾನೇ ಹರಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಹನಿ ಸಿಡಿಯುವ ಕಡೆ ಮೇಣದಬತ್ತಿಯ ತುಂಡನ್ನು ಒಂದೆರಡು ಸಲ ಉಜ್ಜುತ್ತಾರೆ, ಮೇಣ ತಾಗಿದಲ್ಲಿ ಬಣ್ಣ ಕೂರುವುದಿಲ್ಲ. ಆಮೇಲೆ ಬಂಡೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿದ ಕಪ್ಪು ಒಣಗುತ್ತಾ ಕಾಗದದ ಗುಳಿಗಳಲ್ಲಿ ಕಣಕಣವಾಗಿ ಕೂರುತ್ತದೆ, ಥೇಟ್ ಒದ್ದೆ ಕಲ್ಲಿನ ಮೈ. ಅಂಗಡಿಯ ಕಪ್ಪು ಬಣ್ಣದಲ್ಲಿ ಈ ಒರಟುತನ ಸಿಗುವುದಿಲ್ಲ. ಬಂಡೆ ಕಪ್ಪಾದಷ್ಟೂ, ಮುಟ್ಟದೆ ಬಿಟ್ಟ ಕಾಗದ ಬೆಳ್ಳಗೆ ಹೊಳೆಯುತ್ತ ಕೆಳಗಿಳಿಯತೊಡಗುತ್ತದೆ.

ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು, ಕಂಬಳಿಕೊಪ್ಪೆಯವರು, ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಹಳ ಹೊತ್ತು ಇದನ್ನು ನೋಡಿದರು. "ಎಲ್ಲಾ ಬರೆದ್ರಿ, ನೀರೊಂದನ್ನೇ ಬರೆದಿಲ್ವಲ್ಲ ಮಾರಾಯ್ರೆ?" ಮೇಷ್ಟ್ರು ಚಿತ್ರವನ್ನು ಎತ್ತಿ ನಾಲ್ಕು ಮಾರು ದೂರ ಹಿಡಿದು ತೋರಿಸಿದರು. ಅವರು ಏನೂ ಹೇಳಲಿಲ್ಲ. "ಮನೆ ಹತ್ರ, ಆಸ್ರಿಗೆ ಕುಡ್ಕಂಡು ಹೋಗಿ" ಎಂದು ಮುಂದೆ ನಡೆದರು.

ಈ ಸೀಮೆಯಲ್ಲಿ ಕಾಗದ ತಾನಾಗಿ ಒಣಗುವುದನ್ನು ಕಾದರೆ ಬುರುಸು ಬಿಡಬೇಕಷ್ಟೆ. ಎಂಜಿನ್ ಚಾಲೂ ಮಾಡಿ, ಹೀಟರಿನ ಕಿಂಡಿಗೆ ಚಿತ್ರ ಒಡ್ಡುತ್ತೇವೆ. ಒಣಗುವ ಹೊತ್ತಿನಲ್ಲಿ ಮೇಷ್ಟ್ರು ಹೊಕುಸಾಯಿಯ ಮಾತೆತ್ತುತ್ತಾರೆ. ಜಪಾನಿನ ಬೇರೆ ಬೇರೆ ಸೀಮೆಗಳ ಜಲಪಾತಗಳನ್ನೇ ವಸ್ತುವಾಗಿಸಿ 1833ರ ಸುಮಾರಿಗೆ 8 ಮರದಚ್ಚಿನ ಚಿತ್ರಗಳನ್ನು ಮಾಡಿದವನು. ಆಗಷ್ಟೇ ಜಪಾನಿನಲ್ಲಿ ಧಾರಾಳವಾಗಿ ಸಿಗತೊಡಗಿದ್ದ ಪ್ರಷ್ಯನ್ ನೀಲಿಯನ್ನು ಅವುಗಳಲ್ಲಿ ಮನಸಾರೆ ಸುರಿದಿದ್ದಾನೆ. ಅವನ ಕಿರಿಫುರಿ ಜಲಪಾತದ ನೀರು ಬೆಟ್ಟದ ಮೈಮೇಲೆ ಹಳೇ ಮರದ ಬೇರುಗಳ ಹಾಗೆ ಕವಲೊಡೆದು ಇಳಿಯುತ್ತದೆ. ಹೊಕುಸಾಯಿ ನೀರಿಗೆ ಗೆರೆ ಎಳೆದ, ಮೇಷ್ಟ್ರು ಎಳೆಯುವುದಿಲ್ಲ. ನನಗಂತೂ ಹೊಕುಸಾಯಿಯೇ ಹೆಚ್ಚು ಇಷ್ಟ, ಇದನ್ನು ಈ ಕಾರಿನೊಳಗೆ ಹೇಳುವಂತಿಲ್ಲ.

ಮಾಗೋಡಿಗೂ ಹೋಗಿದ್ದಾಯಿತು. ಬೇಡ್ತಿ ಅಲ್ಲಿ ಎರಡು ನೆಗೆತದಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ಆದರೆ ಕಣಿವೆಯ ಈಚೆ ದಂಡೆಯಿಂದಲೇ ನೋಡಬೇಕು. ಅಷ್ಟು ದೂರದಿಂದ ನೀರು ಸಣ್ಣದು, ಚಿತ್ರವೆಲ್ಲ ಕಾಡಿನದ್ದೇ. ಮೇಷ್ಟ್ರು ಹಸಿರು ಕಲಸುವುದರಲ್ಲಿ ದಣಿದರು.

ಜೋಗದಲ್ಲಿ ಬೇರೆಯೇ ಕತೆ. ಶರಾವತಿ 253 ಮೀಟರ್ ಬೀಳುವ ಜಾಗ ಹೌದು, ಆದರೆ 1964ರಿಂದ ಮೇಲೆ ಲಿಂಗನಮಕ್ಕಿ ಕೂತಿದೆ. ಎಷ್ಟು ನೀರು ಚಿತ್ರಕ್ಕೆ ಬರಬೇಕು ಅನ್ನುವುದು ಅರ್ಧ ಮಳೆಯ ಕೈಯಲ್ಲಿ, ಅರ್ಧ ಅಣೆಕಟ್ಟಿನ ಗೇಟಿನಲ್ಲಿ. ಬೇಯಿಸಿದ ಜೋಳ, ಮಿರ್ಚಿ ಬಜ್ಜಿಯ ವಾಸನೆಯ ನಡುವೆ ಕಂಬಿಗೆ ಆತುಕೊಂಡ ಜನ. ಎದುರಿಗೆ ಕಣಿವೆ ತುಂಬ ಬಿಳಿ ಮೋಡ, ಬೇರೇನೂ ಇಲ್ಲ. ಗಾಳಿ ಬೀಸಿದಾಗ ತೆರೆ ಸರಿದು ಬಲಗಡೆಯ ರಾಣಿ ಬಂಡೆಯ ಮೇಲೆ ನೊರೆನೊರೆಯಾಗಿ ಜಾರುವುದು ಕಾಣುತ್ತದೆ. ಪಕ್ಕದಲ್ಲಿ ರಾಕೆಟ್ಟಿನ ನೀರು ಬಾಣಬಾಣವಾಗಿ ಸಿಡಿಯುತ್ತದೆ. "ಹೋ" ಎಂದು ಜನ ಕೂಗಿ ಮೊಬೈಲ್ ಎತ್ತುವಷ್ಟರಲ್ಲಿ ಮತ್ತೆ ಬಿಳುಪು. ಎಡಗಡೆಯ ರಾಜ, ಅರ್ಧ ದಾರಿಯಲ್ಲಿ ಅವನನ್ನು ಸೇರಿಕೊಳ್ಳುವ ರೋರರ್ ಇಬ್ಬರೂ ಆ ದಿನ ಮುಖ ತೋರಿಸಲಿಲ್ಲ. ಮೇಷ್ಟ್ರು ಬಲಗಡೆಯ ಬಂಡೆಗಳನ್ನು ಗಾಢವಾಗಿ ಬರೆದು, ಕಾಗದದ ಎಡಭಾಗವನ್ನು ಪೂರ್ತಿ ಖಾಲಿ ಬಿಟ್ಟಿದ್ದರು.

ಜೋಳ ಕಡಿಯುತ್ತ ಬಂದ ಹುಡುಗಿಯೊಬ್ಬಳು ಬಗ್ಗಿ ನೋಡಿದಳು. ಎಣಿಸಿದಳು. "ಅಜ್ಜಾ, ನಾಲ್ಕು ಇರ್ಬೇಕಲ್ವಾ? ಇನ್ನೆರಡು ಎಲ್ಲಿ?"

"ಅದಾವ, ಮಂಜಿನೊಳಗ. ದೀಪಾವಳಿಗೆ ಬಾ, ಬಂಡಿ ಕಾಣ್ತಾವ, ಅವಾಗ ಬರದು ತೋರಸ್ತೇನಿ."

"ಪರೀಕ್ಷೆ ಇರತ್ತೆ" ಅಂದಳು ಅವಳು.