ಬಿತ್ತನೆ ಬೀಜದಲ್ಲಿ ಅಡಗುವ ರೋಗಾಣು



ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳಲ್ಲಿ ಹಸಿರು ಮೇವಿಗೆಂದು ಗೋವಿನಜೋಳ ಬಿತ್ತುವ ಸದಸ್ಯರಿದ್ದಾರೆ. ಮೇವಿನ ಹೊಲ ಕೈಕೊಟ್ಟರೆ ಹಿಂಡಿಯ ಖರ್ಚು ಏರುತ್ತದೆ, ಹಾಲು ಇಳಿಯುತ್ತದೆ. ಆದ್ದರಿಂದ ಬೀಜದ ಆರೋಗ್ಯ ನಮ್ಮ ಕೊಟ್ಟಿಗೆಯ ವಿಷಯವೂ ಹೌದು.

ನೋಡಲು ದುಂಡಗಿರುವ ಕಾಳಿನೊಳಗೂ ರೋಗಾಣು ಇರಬಹುದು. ಸ್ಟೀವರ್ಟ್ ಸೊರಗು ರೋಗ ಇದಕ್ಕೆ ಉದಾಹರಣೆ. 1897ರಲ್ಲಿ ಅಮೆರಿಕದಲ್ಲಿ ಇದನ್ನು ಮೊದಲು ವಿವರಿಸಲಾಯಿತು. ಪ್ಯಾಂಟೋಯಿಯ ಸ್ಟೀವರ್ಟಿಯೈ ಎಂಬ ಬ್ಯಾಕ್ಟೀರಿಯ ಗಿಡದ ನೀರಿನ ನಾಳಗಳಲ್ಲಿ ಬೆಳೆದು, ಅಂಟಿನಿಂದ ಅವನ್ನು ಕಟ್ಟಿಬಿಡುತ್ತದೆ. ಎಲೆಯ ಮೇಲೆ ಉದ್ದನೆಯ ಹಳದಿ ಪಟ್ಟೆ ಮೂಡಿ ಎಳೆಯ ಗಿಡ ಸೊರಗುತ್ತದೆ. ಅಲ್ಲಿ ಹೊಲದಿಂದ ಹೊಲಕ್ಕೆ ಇದನ್ನು ಒಯ್ಯುವುದು ಒಂದು ಸಣ್ಣ ದುಂಬಿ. ದೂರದ ದೇಶಗಳಿಗೆ ಒಯ್ಯಬಲ್ಲದ್ದು ಬೀಜ. ಆದ್ದರಿಂದಲೇ 2003ರ ಸಸ್ಯ ಸಂಪರ್ಕತಡೆ ಆದೇಶದಡಿ, ಆಮದಾಗುವ ಗೋವಿನಜೋಳದ ಬೀಜ ಇದರಿಂದ ಮುಕ್ತವಾಗಿರಬೇಕು.

ಪತ್ತೆ ಹೇಗೆ? 2020ರಲ್ಲಿ ಕೊರೊನಾಕ್ಕೆ ಮಾಡಿದ ಪಿಸಿಆರ್ ಪರೀಕ್ಷೆ ನಿಮಗೆ ಗೊತ್ತು. ಬೀಜವನ್ನು ಅರೆದು ಡಿಎನ್‌ಎ ತೆಗೆದು, ರೋಗಾಣುವಿನ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುತ್ತಾರೆ. ತುಣುಕು ಇದ್ದರೆ ಮಾತ್ರ ಪ್ರತಿ ಬೆಳೆಯುತ್ತದೆ.

ಆದರೆ ಯಾವ ತುಣುಕು? ಇದೇ ಬ್ಯಾಕ್ಟೀರಿಯಕ್ಕೆ ಒಂದು ಹತ್ತಿರದ ದಾಯಾದಿಯಿದೆ. ಅದು ನವಣೆ, ಸಜ್ಜೆಗಳಲ್ಲಿ ಎಲೆಚುಕ್ಕೆ ತರುತ್ತದೆ. 1993ರಲ್ಲಿ ಇವೆರಡನ್ನೂ ಒಂದೇ ಜಾತಿಯ ಎರಡು ಉಪಜಾತಿಗಳೆಂದು ವಿಂಗಡಿಸಲಾಯಿತು. ಪರೀಕ್ಷೆ ಇವನ್ನು ಬೇರ್ಪಡಿಸದಿದ್ದರೆ ಒಳ್ಳೆಯ ಬೀಜವೂ ತಿರಸ್ಕೃತವಾದೀತು. ಆದ್ದರಿಂದ ಸುಮಾರು 50 ಲಕ್ಷ ಅಕ್ಷರಗಳ ಇಡೀ ಜೀನೋಮನ್ನು ಓದಿ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಭಾಗವನ್ನು ಆರಿಸುತ್ತಾರೆ. ಕಿವಿಯೋಲೆ ಸಂಖ್ಯೆಯಿಂದ ಆಕಳನ್ನು ಗುರುತಿಸಿದಂತೆ ಇದು.

ಒಂದು ಮಿತಿಯುಂಟು: ಪಿಸಿಆರ್ ಸತ್ತ ರೋಗಾಣುವಿನ ಡಿಎನ್‌ಎಯನ್ನೂ ತೋರಿಸಬಹುದು. ಜೀವಂತವೇ ಎಂದು ತಿಳಿಯಲು ಅದನ್ನು ಬೆಳೆಸಿಯೇ ನೋಡಬೇಕು.

ಸದಸ್ಯರು ಗಮನಿಸಬೇಕಾದದ್ದು:

1. ಪ್ರಮಾಣಿತ ಬೀಜವನ್ನೇ ಕೊಳ್ಳಿರಿ. ರಸೀದಿ, ಚೀಲದ ಚೀಟಿ ಮತ್ತು ಒಂದು ಹಿಡಿ ಬೀಜವನ್ನು ಕೊಯ್ಲಿನವರೆಗೆ ಇಟ್ಟುಕೊಳ್ಳಿರಿ.

2. ಹಳದಿ ಪಟ್ಟೆ ಕಂಡೊಡನೆ ಇದೇ ರೋಗವೆಂದು ಹೆದರಬೇಡಿರಿ. ಸತುವಿನ ಕೊರತೆಯಿಂದಲೂ ಪಟ್ಟೆ ಬರುತ್ತದೆ. ಬುಡಸಹಿತ ಗಿಡವನ್ನು ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿರಿ.

3. ಇದು ಸಸ್ಯದ ರೋಗಾಣು, ದನಗಳ ರೋಗಾಣುವಲ್ಲ. ಆದರೆ ಕೊಳೆತು ಬೂಷ್ಟು ಹಿಡಿದ ಮೇವನ್ನು ಹಾಕಬೇಡಿರಿ. ಬೂಷ್ಟಿನ ವಿಷ ಹಾಲಿಗೂ ಇಳಿಯಬಲ್ಲದು.

4. ಔಷಧಿ ಲೇಪಿಸಿದ ಬಣ್ಣದ ಬೀಜ ಉಳಿದರೆ ದನಗಳಿಗೆ ಹಾಕಬೇಡಿರಿ, ಗಿರಣಿಗೂ ಒಯ್ಯಬೇಡಿರಿ. ಅದು ವಿಷ.