ತುದಿಯಲ್ಲಿ ಬೆಳೆಯುವ ಬಾಲ

ನಮ್ಮ ತಲೆಗೂದಲು ಬೆಳೆಯೋದು ಬುಡದಲ್ಲಿ. ಆದರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಬಾಲ, ಅಂದರೆ ಫ್ಲಾಜೆಲ್ಲಮ್, ಬೆಳೆಯೋದು ತುದಿಯಲ್ಲಿ! ಹೇಗೆ ಗೊತ್ತಾ?

ಮೊದಲು ಜೀವಕೋಶದ ಪೊರೆಯಲ್ಲಿ, ಬಾಲವನ್ನು ತಿರುಗಿಸೋ ಮೋಟಾರಿನ ಬುಡ ಕೂರುತ್ತೆ. ಅದರ ಮೇಲೆ ಕೊಂಡಿ, ಸುಮಾರು 55 ನ್ಯಾನೋಮೀಟರ್ ಉದ್ದ. ಆಮೇಲೆ ಬಾಲದ ಸರದಿ.

ಬಾಲದ ಉದ್ದಕ್ಕೂ ಒಳಗೊಂದು ಟೊಳ್ಳು. ಅಗಲ ಬರೀ 2 ನ್ಯಾನೋಮೀಟರ್! ಫ್ಲಾಜೆಲಿನ್ ಪ್ರೋಟೀನು ಮಡಿಕೆ ಬಿಚ್ಚಿಕೊಂಡು, ದಾರದೆಳೆಯ ಹಾಗೆ ಒಂದರ ಹಿಂದೊಂದು ಇದರೊಳಗೆ ಸಾಗುತ್ತೆ. ತುದಿಯಲ್ಲಿ ಐದು ಪ್ರೋಟೀನುಗಳ ಮುಚ್ಚಳ ಕಾಯ್ತಿರುತ್ತೆ. ಬಂದ ಎಳೆ ಅದರಡಿಯಲ್ಲಿ ಮಡಿಚಿಕೊಂಡು ತನ್ನ ಜಾಗ ಹಿಡಿಯುತ್ತೆ.

ಹೀಗೆ ಸಾವಿರಾರು ಫ್ಲಾಜೆಲಿನ್ ಸೇರಿದರೆ ಒಂದು ಬಾಲ. ಉದ್ದವಾದಷ್ಟೂ ಬೆಳವಣಿಗೆ ನಿಧಾನ, ಯಾಕಂದ್ರೆ ತುದಿ ದೂರ. ಬಾಲ ತುಂಡಾದರೆ? ಮತ್ತೆ ಬೆಳೆಯುತ್ತೆ. ಕಣ್ಣಿಗೇ ಕಾಣದ ಜೀವಿಯಲ್ಲಿ ಎಂಥಾ ಕಸುಬುದಾರಿಕೆ!